ಕುಂಭಕೋಣದ ಡಾಕ್ಟರ ಮಗ

ಅಜ್ಜ ತೀರಿಹೋದ ಮನೆಗೆ ಬಂದವರು ಮೊಮ್ಮಗುವಿನ ಗಲ್ಲ ಹಿಡಿದು, "ಥೇಟ್ ಅಜ್ಜನದೇ ಮೂಗು" ಅನ್ನುವುದನ್ನು ನೀವು ಕೇಳಿರಬಹುದು. ದುಃಖದಲ್ಲಿ ಬಂದ ಮಾತಾದರೂ ಅದರಲ್ಲಿ ವಿಜ್ಞಾನವಿದೆ. ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿರುತ್ತವೆ. 23 ಅಮ್ಮನಿಂದ, 23 ಅಪ್ಪನಿಂದ. ಅಪ್ಪ ಕೊಟ್ಟ ಪಾಲಿನಲ್ಲಿ ಹೆಚ್ಚುಕಡಿಮೆ ಅರ್ಧ ಅವರ ಅಪ್ಪನದು. ಹಾಗಾಗಿ ಅಜ್ಜನ ಸುಮಾರು ಕಾಲುಭಾಗ ಮೊಮ್ಮಕ್ಕಳ ಮೈಯಲ್ಲಿ ಉಳಿದುಕೊಂಡಿರುತ್ತದೆ.

ಆದರೆ ಅಜ್ಜ ಜೀವಮಾನವೆಲ್ಲ ದುಡಿದು ಕಲಿತ ಕೆಲಸ ಇದೆಯಲ್ಲ, ಅದು ವರ್ಣತಂತುವಿನ ದಾರಿಯಲ್ಲಿ ಬರುವುದಿಲ್ಲ. ಅದು ಬೇರೆ ದಾರಿ ಹಿಡಿದು ಬರುತ್ತದೆ. ಚೆನ್ನೈನಲ್ಲಿದ್ದ ಒಬ್ಬ ಅಜ್ಜನ ಕಥೆಯಲ್ಲಿ ಈ ಎರಡೂ ದಾರಿಗಳು ಕಾಣುತ್ತವೆ. ಅದಕ್ಕೇ ಆ ಕಥೆ ನನಗೆ ಬಲು ಪ್ರೀತಿಯದು.

ಅವರ ಹೆಸರು ಎಂ. ಎಸ್. ಸ್ವಾಮಿನಾಥನ್. ಗಿಡಗಳ ತಳಿವಿಜ್ಞಾನಿ. ಮೂವರು ಹೆಣ್ಣುಮಕ್ಕಳ ಅಪ್ಪ, ಮೊಮ್ಮಕ್ಕಳ ಅಜ್ಜ. 2023ರ ಸೆಪ್ಟೆಂಬರ್ 28ರಂದು ಚೆನ್ನೈನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಅವರ ಕಥೆ ಮಾತ್ರ ಅವರ ಅಪ್ಪನಿಂದ ಶುರುವಾಗಬೇಕು.

ಅಪ್ಪ ಸಾಂಬಶಿವನ್ ಕುಂಭಕೋಣದಲ್ಲಿ ಶಸ್ತ್ರವೈದ್ಯರು. ಆಗ ಆ ಊರಿನಲ್ಲಿ ಆನೆಕಾಲು ರೋಗದ ಕಾಟ. ಕಾಲು ಊದಿ ದಪ್ಪವಾಗಿ ನಡೆಯುವುದೇ ಕಷ್ಟವಾಗುವ ಕಾಯಿಲೆ ಅದು. ದಾರದಷ್ಟು ತೆಳ್ಳಗಿನ ಹುಳುಗಳು ನಮ್ಮ ದುಗ್ಧರಸದ ನಾಳಗಳಲ್ಲಿ ಮನೆಮಾಡಿ ಹರಿವನ್ನು ಕೆಡಿಸುತ್ತವೆ. ಆ ಹುಳು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಸೊಳ್ಳೆಯ ಮೂಲಕ. ಸೊಳ್ಳೆಯ ಹೊಟ್ಟೆಗೆ ಹೋದ ಹುಳುವಿನ ಮರಿ ಅದರ ಮೈಯೊಳಗೆ ಬೆಳೆಯುವುದನ್ನು 1877ರಲ್ಲಿ ಚೀನಾದಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಹಿಡಿದರು. ಇನ್ನೊಂದು ಸೋಜಿಗ ಕೇಳಿ. ಹಗಲಲ್ಲಿ ಬೆರಳು ಚುಚ್ಚಿ ರಕ್ತ ತೆಗೆದರೆ ಈ ಮರಿಹುಳುಗಳು ಸಿಗುವುದೇ ಅಪರೂಪ. ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಅವು ರಕ್ತದಲ್ಲಿ ತುಂಬಿಕೊಂಡು ಓಡಾಡುತ್ತವೆ. ಈ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ! ಅದಕ್ಕೇ ಆನೆಕಾಲು ರೋಗದ ರಕ್ತಪರೀಕ್ಷೆಗೆ ಆರೋಗ್ಯ ಕಾರ್ಯಕರ್ತರು ಊರು ಮಲಗಿದ ಹೊತ್ತಿನಲ್ಲಿ ಮನೆಮನೆಗೆ ಬರುತ್ತಿದ್ದರು.

ಕಾಲು ಊದಿದ ಮೇಲೆ ಡಾಕ್ಟರರು ಮಾಡಬಹುದಾದದ್ದು ಕಡಿಮೆ. ಸೊಳ್ಳೆ ಹುಟ್ಟದಂತೆ ಮಾಡಿದರೆ? ಕ್ಯೂಲೆಕ್ಸ್ ಸೊಳ್ಳೆ ಕೊಳಕು ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ ತಲೆಕೆಳಗಾಗಿ ನೇತಾಡುತ್ತ, ಬಾಲದ ಹತ್ತಿರದ ಕೊಳವೆಯನ್ನು ನೀರಿನ ಮೇಲ್ಮೈಗೆ ಚಾಚಿ ಉಸಿರಾಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ನಮ್ಮ ಸೆಕೆಯ ಊರುಗಳಲ್ಲಿ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಗುಂಡಿ ಬತ್ತಿಸಿ, ಚರಂಡಿ ಹರಿಯುವಂತೆ ಮಾಡಿದರೆ ಮರಿಗಳು ಸೊಳ್ಳೆಯಾಗುವ ಮೊದಲೇ ಸಾಯುತ್ತವೆ. ಲೆಕ್ಕ ಸುಲಭ, ಕೆಲಸ ಕಷ್ಟ. ಒಂದೇ ಮನೆಯವರು ಮಾಡಿದರೆ ಪ್ರಯೋಜನವಿಲ್ಲ, ಇಡೀ ಊರು ಮಾಡಬೇಕು. ಡಾಕ್ಟರ್ ಸಾಂಬಶಿವನ್ ಊರಿನವರನ್ನು ಒಟ್ಟುಗೂಡಿಸಿ ಆ ಕೆಲಸ ಮಾಡಿಸಿದರು.

ಇದನ್ನು ನೋಡುತ್ತ ಬೆಳೆದ ಹುಡುಗ ಸ್ವಾಮಿನಾಥನ್. ಹುಟ್ಟಿದ್ದು 1925ರ ಆಗಸ್ಟ್ 7ರಂದು. ಅವನಿಗೆ ಹನ್ನೊಂದು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಹನ್ನೊಂದು ಅಂದರೆ ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರ ವಯಸ್ಸೇ. ಮುಂದೆ ಅವನನ್ನು ಬೆಳೆಸಿದವರು ಚಿಕ್ಕಪ್ಪ, ದೊಡ್ಡಪ್ಪ, ಅಮ್ಮ ಎಲ್ಲ ಸೇರಿದ್ದ ಆ ದೊಡ್ಡ ಕುಟುಂಬ. ಅಪ್ಪನ ಆಸ್ಪತ್ರೆಯನ್ನು ಮಗ ನೋಡಿಕೊಳ್ಳಲಿ ಎಂಬುದು ಮನೆಯವರ ಆಸೆ. ಆದರೆ 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ಬಂದು ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಸುದ್ದಿ ಕೇಳಿದ ಹುಡುಗ ವೈದ್ಯನಾಗುವ ಯೋಚನೆ ಬಿಟ್ಟು ಕೊಯಮತ್ತೂರಿನ ಕೃಷಿ ಕಾಲೇಜು ಸೇರಿದ. ಅಪ್ಪನ ವೃತ್ತಿ ಬಿಟ್ಟ, ಅಪ್ಪನ ಬಗೆಯನ್ನು ಬಿಡಲಿಲ್ಲ ಅಂತ ನನಗೆ ಅನಿಸುತ್ತದೆ. ಕಾಯಿಲೆ ಬಂದಮೇಲೆ ಮದ್ದು ಕೊಡುವುದಕ್ಕಿಂತ ಅದು ಹುಟ್ಟುವ ಜಾಗಕ್ಕೇ ಹೋಗುವುದು ಆ ಮನೆಯ ರೀತಿ.

ದೆಹಲಿ, ನೆದರ್ಲೆಂಡ್ಸ್, ಕೇಂಬ್ರಿಜ್ ಎಂದು ಓದಿ, 1952ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ದೇಶಕ್ಕೆ ಮರಳಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅವರ ಮುಂದಿದ್ದದ್ದು ಗೋಧಿಯ ಪ್ರಶ್ನೆ. ನಮ್ಮ ಹಳೆಯ ಗೋಧಿ ಎತ್ತರದ ಗಿಡ, ತೆಳ್ಳನೆಯ ದಂಟು. ಹೆಚ್ಚು ಗೊಬ್ಬರ, ನೀರು ಕೊಟ್ಟರೆ ತೆನೆ ತುಂಬುತ್ತಿತ್ತು, ಆದರೆ ಆ ಭಾರಕ್ಕೆ ಪೈರು ಒರಗಿ ನೆಲಕ್ಕೆ ಮಲಗುತ್ತಿತ್ತು. ಮಲಗಿದ ಪೈರಿನ ಕಾಳು ಜೊಳ್ಳಾಗುತ್ತದೆ, ಕೊಳೆಯುತ್ತದೆ. ರೈತ ಹೆಚ್ಚು ಖರ್ಚು ಮಾಡಿದಷ್ಟೂ ನಷ್ಟ.

ಹಾಗಾದರೆ ಗಿಡ ಗಿಡ್ಡವಾಗಬೇಕು. ಸ್ವಾಮಿನಾಥನ್ ಮತ್ತು ಜೊತೆಯವರು ಬೀಜಕ್ಕೆ ವಿಕಿರಣ ಹಾಯಿಸಿ ಗಿಡ್ಡ ಗಿಡ ಪಡೆಯಲು ನೋಡಿದರು. ಗಿಡವೇನೋ ಗಿಡ್ಡವಾಯಿತು, ಜೊತೆಗೆ ತೆನೆಯೂ ಚಿಕ್ಕದಾಯಿತು! ಅವರಿಗೆ ಬೇಕಾಗಿದ್ದದ್ದು ಗಿಡ್ಡ ದಂಟು, ಉದ್ದ ತೆನೆ.

ಅದು ಇದ್ದದ್ದು ಜಪಾನಿನಲ್ಲಿ. ಅಲ್ಲಿ 1935ರಲ್ಲಿ ಬಿಡುಗಡೆಯಾದ 'ನೋರಿನ್ 10' ಎಂಬ ಗಿಡ್ಡ ಗೋಧಿ ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಅದರ ವಂಶ ಮೆಕ್ಸಿಕೋದಲ್ಲಿದ್ದ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರ ಹೊಲ ಸೇರಿತು. ಅದರ ಗುಟ್ಟು ಇಷ್ಟು. ಗಿಡದ ಕೋಶಗಳಲ್ಲಿ ಬೆಳವಣಿಗೆಗೆ ಬ್ರೇಕ್ ಹಾಕುವ ಒಂದು ಪ್ರೋಟೀನ್ ಇರುತ್ತದೆ. ಜಿಬ್ಬರೆಲಿನ್ ಎಂಬ ಹಾರ್ಮೋನ್ ಬಂದು ಆ ಬ್ರೇಕನ್ನು ಬಿಡಿಸಿದರೆ ದಂಟು ಸರಸರನೆ ಉದ್ದವಾಗುತ್ತದೆ. ನೋರಿನ್ ಗೋಧಿಯ ಜೀನ್‌ನಲ್ಲಿ ಸಣ್ಣ ಬದಲಾವಣೆಯಾಗಿ, ಹಾರ್ಮೋನ್ ಎಷ್ಟು ಬಂದರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ದಂಟಿಗೆ ಹೋಗಬೇಕಾಗಿದ್ದ ಆಹಾರ ಕಾಳಿಗೆ ಹೋಗುತ್ತದೆ. ಈ ಗುಣ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದಂತೆ ಬೀಜದಿಂದ ಬೀಜಕ್ಕೆ ಇಳಿದು ಬರುತ್ತದೆ.

ಸ್ವಾಮಿನಾಥನ್ ಕರೆಸಿಕೊಂಡಿದ್ದರಿಂದ 1963ರಲ್ಲಿ ಬೋರ್ಲಾಗ್ ಭಾರತಕ್ಕೆ ಬಂದರು. ಹೊಸ ಗೋಧಿಯನ್ನು ದೊಡ್ಡ ಜಮೀನ್ದಾರರ ತೋಟದಲ್ಲಿ ತೋರಿಸಿದರೆ ಸಣ್ಣ ರೈತ ನಂಬುವುದಿಲ್ಲ ಎಂದು ಸ್ವಾಮಿನಾಥನ್ ಬಡ ರೈತರ ಹೊಲಗಳಲ್ಲೇ ಬೆಳೆಸಿ ತೋರಿಸಿದರು. ಇನ್ನೊಂದು ತೊಡಕಿತ್ತು. ಮೆಕ್ಸಿಕೋದ ಕಾಳು ಕೆಂಪು, ನಮ್ಮ ಜನಕ್ಕೆ ಬೇಕಾದದ್ದು ಹೊಂಬಣ್ಣದ ಗೋಧಿ. ಮತ್ತೆ ಬೀಜಕ್ಕೆ ಗಾಮಾ ಕಿರಣ ಹಾಯಿಸಿದರು. ಈ ಸಲ ಕೈಹಿಡಿಯಿತು, 'ಶರಬತಿ ಸೊನೋರಾ' ಎಂಬ ಹೊಂಬಣ್ಣದ ಗಿಡ್ಡ ಗೋಧಿ ಬಂತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ತರಿಸಲಾಯಿತು. 1966–67ರಲ್ಲಿ ದೇಶದ ಗೋಧಿ ಸುಮಾರು 1 ಕೋಟಿ 14 ಲಕ್ಷ ಟನ್ ಇದ್ದದ್ದು ಮರುವರ್ಷವೇ ಸುಮಾರು 1 ಕೋಟಿ 65 ಲಕ್ಷ ಟನ್ ಆಯಿತು. 1968ರಲ್ಲಿ ಅದಕ್ಕೊಂದು ಅಂಚೆಚೀಟಿಯೂ ಬಂತು. ಎಲ್ಲರೂ ಹೊಗಳುತ್ತಿದ್ದ ಅದೇ ವರ್ಷದ ಜನವರಿಯಲ್ಲಿ, ವಾರಾಣಸಿಯ ವಿಜ್ಞಾನ ಸಮ್ಮೇಳನದಲ್ಲಿ ಅವರು ಎಚ್ಚರಿಸಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೀಟನಾಶಕ ಸುರಿದು, ಅಂತರ್ಜಲ ಹೀರಿ, ಒಂದೇ ತಳಿ ಎಲ್ಲೆಡೆ ಬೆಳೆದರೆ ಮಣ್ಣು ಕೆಡುತ್ತದೆ, ಮುಂದೆ ಕಷ್ಟವಿದೆ ಎಂದರು. ತಾನೇ ದುಡಿದು ತಂದ ಬೆಳೆಯ ಬಗ್ಗೆ ಹಾಗೆ ಹೇಳಲು ಬಹಳ ಪ್ರಾಮಾಣಿಕತೆ ಬೇಕು.

1987ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಶುರುವಾದಾಗ ಮೊದಲು ಸಿಕ್ಕಿದ್ದು ಇವರಿಗೇ. ಆ ಹಣದಿಂದ 1988ರಲ್ಲಿ ಚೆನ್ನೈನಲ್ಲಿ ಒಂದು ಸಂಶೋಧನಾ ಪ್ರತಿಷ್ಠಾನ ಆರಂಭಿಸಿದರು. ತರಮಣಿಯಲ್ಲಿ ಈಗಲೂ ಇದೆ. ಆಗ ಅವರಿಗೆ 63 ವರ್ಷ, ಎಷ್ಟೋ ಅಜ್ಜಂದಿರು ಜಗಲಿಯಲ್ಲಿ ಕೂತು ಪೇಪರ್ ಓದುವ ವಯಸ್ಸು. ಇವರು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿಗಿಳಿಯುವ ಕೆಲಸ ಹಚ್ಚಿಕೊಂಡರು. ಸಮುದ್ರದ ನೀರು ಏರಿ ಕರಾವಳಿಯ ಗದ್ದೆಗಳಿಗೆ ಉಪ್ಪು ನುಗ್ಗಿದರೆ ಭತ್ತ ಬದುಕುವುದು ಹೇಗೆ ಎಂಬುದು ಅವರ ಪ್ರಶ್ನೆ. ಕಾಂಡ್ಲಾ ಗಿಡಗಳಲ್ಲಿ ಅವಿಸೀನಿಯಾ ಎಂಬುದೊಂದಿದೆ. ಅದು ಉಪ್ಪುನೀರಿನಲ್ಲೇ ನಿಂತು, ಹೆಚ್ಚಾದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಕುಮಟಾ ಬಳಿ ಅಘನಾಶಿನಿ ಅಳಿವೆಗೆ ಹೋದಾಗ ಕಾಂಡ್ಲಾ ಎಲೆಗಳನ್ನು ಹತ್ತಿರದಿಂದ ನೋಡಿ, ಕೆಲವುಗಳ ಮೇಲೆ ಸಣ್ಣ ಉಪ್ಪಿನ ಹರಳು ಕಂಡೀತು. ಆ ಗಿಡದ ಉಪ್ಪು ತಾಳುವ ಜೀನ್‌ಗಳನ್ನು ಪ್ರತಿಷ್ಠಾನದ ವಿಜ್ಞಾನಿಗಳು ಗುರುತಿಸಿ ಭತ್ತಕ್ಕೆ ಸೇರಿಸಿ ನೋಡಿದರು. ಚಿದಂಬರದ ಹತ್ತಿರದ ಪಿಚ್ಚಾವರಂನಲ್ಲಿ ಊರವರ ಜೊತೆ ಸೇರಿ ಕಾಂಡ್ಲಾ ಕಾಡನ್ನು ಮತ್ತೆ ಬೆಳೆಸಿದರು. ಊರವರನ್ನು ಸೇರಿಸಿಕೊಳ್ಳದೆ ಈ ಡಾಕ್ಟರ ಮಗನಿಗೆ ಕೆಲಸವೇ ಆಗುತ್ತಿರಲಿಲ್ಲ.

ತೀರಿಕೊಂಡ ಮರುವರ್ಷ, 2024ರಲ್ಲಿ, ಅವರಿಗೆ ಭಾರತರತ್ನ ಬಂತು. ಮಗಳು ನಿತ್ಯಾ ರಾವ್ ರಾಷ್ಟ್ರಪತಿಯವರ ಕೈಯಿಂದ ಅದನ್ನು ತೆಗೆದುಕೊಂಡರು. ಇನ್ನೊಬ್ಬ ಮಗಳು ಮಧುರಾ ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಪಾಠ ಹೇಳುತ್ತ ಹಳ್ಳಿಗರ ಬದುಕಿನ ಲೆಕ್ಕ ಅಧ್ಯಯನ ಮಾಡಿದವರು. ಹಿರಿಯ ಮಗಳು ಸೌಮ್ಯಾ ಮಕ್ಕಳ ವೈದ್ಯೆ. ಚೆನ್ನೈನ ಕ್ಷಯರೋಗ ಸಂಶೋಧನಾ ಕೇಂದ್ರದಲ್ಲಿ ಬಹಳ ವರ್ಷ ದುಡಿದು, ಕೊನೆಗೆ ಅದರ ನಿರ್ದೇಶಕಿಯಾಗಿ, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ವಿಜ್ಞಾನಿಯೂ ಆದರು.

ಸೌಮ್ಯಾ ಹುಟ್ಟುವ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಕುಂಭಕೋಣದ ಡಾಕ್ಟರ್ ತಾತ ತೀರಿಹೋಗಿದ್ದರು. ಮೊಮ್ಮಗಳ ಮೈಯಲ್ಲಿ ಆ ತಾತನ ವರ್ಣತಂತುಗಳ ಸುಮಾರು ಕಾಲುಪಾಲು ಇರುವುದು ನಿಜ. ಆದರೆ ಒಂದು ರೋಗ ಬೀದಿಯಿಂದ ಬೀದಿಗೆ ಹೇಗೆ ದಾಟುತ್ತದೆ ಎಂದು ಹುಡುಕಿಕೊಂಡು ಹೋಗುವ ಕೆಲಸ ಅವರಿಗೆ ಬಂದದ್ದು ವರ್ಣತಂತುವಿನಿಂದ ಅಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡ ಆ ಹುಡುಗ ಅದನ್ನು ನೆನಪಿಟ್ಟುಕೊಂಡು, ದೊಡ್ಡವನಾದ ಮೇಲೂ ಹೋದಲ್ಲೆಲ್ಲ ಅಪ್ಪನ ಸೊಳ್ಳೆಯ ಕಥೆ ಹೇಳುತ್ತಿದ್ದ. ತರಮಣಿಯ ಪ್ರತಿಷ್ಠಾನವನ್ನು ಈಗ ಮುನ್ನಡೆಸುತ್ತಿರುವವರು ಆ ಕಥೆ ಕೇಳಿ ಬೆಳೆದ ಈ ಮಗಳೇ.