ಬಣ್ಣದ ನೀರು ಮತ್ತು ನಮ್ಮ ಹೊಲ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಿಂದ ಈ ಸಂಘದಲ್ಲಿ ಬೀಜ, ಗೊಬ್ಬರ, ಸಾಲದ ಮಾತು ಆಡಿಕೊಂಡು ಬಂದಿದ್ದೇವೆ. ಇವತ್ತು ನೀರಿನ ವಿಷಯ ನಾಲ್ಕು ಮಾತು ಹೇಳುತ್ತೇವೆ. ನಮ್ಮ ಸದಸ್ಯರಲ್ಲಿ ನೇಕಾರರೂ ಇದ್ದಾರೆ, ರೈತರೂ ಇದ್ದಾರೆ. ನೂಲಿಗೆ ಬಣ್ಣ ಹಾಕಿದ ನೀರು ಹಳ್ಳಕ್ಕೆ ಹೋಗುತ್ತದೆ, ಹಳ್ಳದ ನೀರು ಬಾವಿಗೆ ಇಳಿಯುತ್ತದೆ. ಆದ್ದರಿಂದ ಇದು ಒಬ್ಬರಿಗೊಬ್ಬರು ಬೆರಳು ತೋರಿಸುವ ವಿಷಯವಲ್ಲ. "ಬ್ಯಾಕ್ಟೀರಿಯಾ ಬಿಟ್ಟರೆ ಬಣ್ಣ ಹೋಗ್ತದಂತೆ, ಆಮೇಲೆ ಆ ನೀರನ್ನ ಹೊಲಕ್ಕೆ ಹಾಯಿಸಬಹುದಂತೆ, ಹೌದಾ?" ಎಂದು ಹಲವರು ಕೇಳುತ್ತಿದ್ದಾರೆ. ಬಣ್ಣ ಹೋಗುವುದು ನಿಜ. ಹೊಲಕ್ಕೆ ಹಾಯಿಸುವ ಮಾತು ಬೇರೆ.

ಈಗಿನ ಬಣ್ಣಗಳಲ್ಲಿ ಬಹಳಷ್ಟು ಅಜೋ ಜಾತಿಯವು. ಸಾರಜನಕದ ಎರಡು ಪರಮಾಣುಗಳ ಕೊಂಡಿಯೇ ಅವುಗಳ ಬಣ್ಣಕ್ಕೆ ಮೂಲ. ಬಿಸಿಲಿಗೂ ಸೋಪಿಗೂ ಜಗ್ಗದಂತೆ ಮಾಡಿದ ಬಣ್ಣ ಹಳ್ಳದಲ್ಲಿ ತಾನಾಗಿ ಹೋದೀತೇ? ಆದರೆ ಗೋಬರ್ ಗ್ಯಾಸ್ ಗುಂಡಿಯಂತೆ ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಸಿಲಸ್, ಸ್ಯೂಡೋಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಆ ಕೊಂಡಿಯನ್ನು ಕಡಿಯುತ್ತವೆ. ನೀರು ತಿಳಿಯಾಗುತ್ತದೆ. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕಡಿದ ತುಂಡುಗಳಿಗೆ ಅಮೈನ್ ಎನ್ನುತ್ತಾರೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅದಕ್ಕೇ ಕೆಲವು ಅಜೋ ಬಣ್ಣಗಳನ್ನು 1997ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಹಾಗಾಗಿ ಗಾಳಿ ಊದುವ ಎರಡನೇ ತೊಟ್ಟಿ ಬೇಕೇ ಬೇಕು. ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಈ ತುಂಡುಗಳನ್ನು ತಿನ್ನುತ್ತವೆ.

ಇನ್ನು ನಮ್ಮಲ್ಲೇ ಸಿಗುವ ವಸ್ತುಗಳು. ಭತ್ತದ ಹೊಟ್ಟಿನ ಬೂದಿ, ತೆಂಗಿನ ಚಿಪ್ಪಿನ ಇದ್ದಿಲು, ಮರದ ಹೊಟ್ಟು, ಶೇಂಗಾ ಸಿಪ್ಪೆ, ಇವೆಲ್ಲ ಬಣ್ಣವನ್ನು ಮೈಗೆ ಅಂಟಿಸಿಕೊಳ್ಳುತ್ತವೆ. ಅಂಟಿಸಿಕೊಳ್ಳುವುದು ಬೇರೆ, ಅರಗಿಸುವುದು ಬೇರೆ. ಬಣ್ಣ ಹಿಡಿದ ಹೊಟ್ಟನ್ನು ತಿಪ್ಪೆಗೆ ಹಾಕಿದರೆ ಅದು ಗೊಬ್ಬರದ ಜೊತೆ ಮತ್ತೆ ನಮ್ಮ ಹೊಲಕ್ಕೇ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತು ಉಪ್ಪಿನದು. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ಒಂದು ಲೀಟರ್ ನೀರಿಗೆ 50 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಪ್ಪು ಹಾಕುತ್ತಾರೆ. ಉಪ್ಪನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಬೂದಿ ಹಿಡಿಯುವುದಿಲ್ಲ. ಹಾಲಿನಂತೆ ಶುದ್ಧವಾಗಿ ಕಂಡರೂ ಆ ನೀರು ಭೂಮಿಯನ್ನು ಚೌಳು ಮಾಡುತ್ತದೆ.

ತಮಿಳುನಾಡಿನ ತಿರುಪ್ಪೂರಿನ ಕಥೆ ನೋಡಿ. ನೊಯ್ಯಲ್ ನದಿ ನಮ್ಮ ಕಾವೇರಿಗೇ ಸೇರುವಂಥದು. ರೈತರಿಗೆ ನೀರಾಗಲಿ ಎಂದು ಅದಕ್ಕೆ ಒರತುಪಾಳ್ಯಂ ಅಣೆಕಟ್ಟು ಕಟ್ಟಿ, 1992ರಲ್ಲಿ ಮುಗಿಸಿದರು. ಅದರಲ್ಲಿ ನಿಂತದ್ದು ಬಣ್ಣದ ಕಾರ್ಖಾನೆಗಳ ಉಪ್ಪು ನೀರು. ಕೆಳಗಿನ ರೈತರೇ "ಈ ನೀರು ಬೇಡ" ಎಂದು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಲು ಆದೇಶ ಕೊಟ್ಟಿತು. ಒಂದು ಹನಿಯೂ ಹೊರಗೆ ಬಿಡದಂತೆ ಶುದ್ಧ ಮಾಡಿದರೆ ಮಾತ್ರ ತೆರೆಯಬೇಕು ಎಂಬುದು ಷರತ್ತು. ಕೆಲಸಗಾರರು ಬೀದಿಗೆ ಬಿದ್ದರು, ಹಾಳಾದ ಹೊಲ ಮಾತ್ರ ಕೂಡಲೇ ಸರಿಯಾಗಲಿಲ್ಲ.

ಆದ್ದರಿಂದ ನಮ್ಮ ವಿನಂತಿ ಮೂರು. ಬಣ್ಣ ಅದ್ದಿದ ಗಟ್ಟಿ ಉಪ್ಪು ನೀರನ್ನು ತೊಳೆದ ನೀರಿಗೆ ಬೆರೆಸಬೇಡಿ, ಬೇರೆ ಇಡಿ. ಒಬ್ಬೊಬ್ಬರಿಗೆ ಆಗದ ಎರಡು ತೊಟ್ಟಿಗಳನ್ನು ಸಂಘದಿಂದ ಎಲ್ಲರೂ ಸೇರಿ ಕಟ್ಟೋಣ. ಬಣ್ಣ ಹೋಗಿದೆ ಎಂದು ಕಣ್ಣಳತೆಯಲ್ಲಿ ನಂಬದೆ, ಉಪ್ಪಿನಂಶ ಪರೀಕ್ಷೆ ಮಾಡಿಸದ ಹೊರತು ಒಂದು ಬಿಂದಿಗೆಯನ್ನೂ ಹೊಲಕ್ಕೆ ಬಿಡುವುದು ಬೇಡ.

ಮಗ್ಗವೂ ನಡೆಯಬೇಕು, ನೇಗಿಲೂ ನಡೆಯಬೇಕು.