ಮೂಗು ನಂಬಿ ಇಳಿಯಬೇಡಿ
ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ ಟ್ಯಾಂಕ್ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಸುಮಾರು 100 ಪಿಪಿಎಂ ದಾಟಿದ್ರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ಗ್ಯಾಸ್ ಮಾತ್ರ ಅಲ್ಲೇ ಇರುತ್ತೆ.

ಅದಕ್ಕೇ ಗ್ಯಾಸ್ ಡಿಟೆಕ್ಟರ್. ಮೊದಲು ಹೊರಗಿನ ಶುದ್ಧ ಗಾಳಿಯಲ್ಲಿ ಆನ್ ಮಾಡಿ, ಆಕ್ಸಿಜನ್ ಶೇ. 20.9 ತೋರಿಸಬೇಕು. ಆಮೇಲೆ ಅದರ ಪೈಪ್ ಇಳಿಸಿ ಮೇಲೆ, ಮಧ್ಯೆ, ತಳ, ಮೂರೂ ಕಡೆ ನೋಡಿ. ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಆಕ್ಸಿಜನ್ 19.5ಕ್ಕಿಂತ ಕೆಳಗಿದ್ರೆ, ಅಥವಾ ಯಾವುದೇ ಅಲಾರಂ ಹೊಡೆದ್ರೆ, ಯಾರೂ ಇಳಿಯಬಾರದು. ಬಿದ್ದವರನ್ನ ಎತ್ತೋಕೆ ಅಂತ ಹಾಗೇ ಇಳಿದವರೂ ಸಾಯ್ತಾರೆ.

ನಿಮ್ಮ ಬಿಲ್ಡಿಂಗ್‌ಗೆ ಕ್ಲೀನಿಂಗ್‌ನವರು ಬಂದಾಗ ಕಾಂಟ್ರಾಕ್ಟರ್‌ನ ಒಂದೇ ಮಾತು ಕೇಳಿ: "ರೀಡಿಂಗ್ ಎಷ್ಟು ಬಂತು?" ಉತ್ತರ ಇಲ್ಲ ಅಂದ್ರೆ ಕೆಲಸ ನಿಲ್ಲಿಸಿ.