ನೀರು ಬೆರೆಸುವ ಲೆಕ್ಕ

(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸ)



ನಾನು ಎಂ.ಎ. ಓದಿದವಳು, ರಸಾಯನಶಾಸ್ತ್ರ ನನ್ನ ವಿಷಯವಲ್ಲ. ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿದ್ದ ವರ್ಷಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಕಲಿತ ಒಂದು ಸಣ್ಣ ಲೆಕ್ಕವನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ದ್ರಾವಣಕ್ಕೆ ನೀರು ಬೆರೆಸಿ ಅದನ್ನು ಸಾರರಿಕ್ತಗೊಳಿಸುವ ಲೆಕ್ಕವದು.

ನಮ್ಮ ಹಟ್ಟಿಗಳ ಉಪ್ಪು ಅಟ್ಟುವ ಹಬ್ಬವನ್ನು ಹಿರಿಯರು ಬಲ್ಲರು. ತೊರೆಯ ಬಳಿ ಗುಂಡಿ ತೋಡಿ, ನೀರಿನಲ್ಲಿ ಉಪ್ಪು ಕರಗಿಸಿ, ದನಕರುಗಳಿಗೆ ಕುಡಿಸುವ ಪದ್ಧತಿಯದು. ಆ ಗುಂಡಿಗೆ ಇನ್ನೆರಡು ಕೊಡ ನೀರು ಸುರಿದರೆ ರುಚಿ ಸಪ್ಪೆಯಾಗುತ್ತದೆ. ಆದರೆ ಒಳಗಿರುವ ಉಪ್ಪು ಒಂದು ಹರಳಿನಷ್ಟೂ ಕಡಿಮೆಯಾಗುವುದಿಲ್ಲ. ಆದ್ದರಿಂದಲೇ ಮೊದಲಿನ ಸಾರತೆಯನ್ನು ಮೊದಲಿನ ಗಾತ್ರದಿಂದ ಗುಣಿಸಿದರೆ ಬರುವ ಲಬ್ಧವೂ, ನೀರು ಬೆರೆಸಿದ ನಂತರದ ಸಾರತೆಯನ್ನು ಹೊಸ ಗಾತ್ರದಿಂದ ಗುಣಿಸಿದರೆ ಬರುವ ಲಬ್ಧವೂ ಒಂದೇ. ಸೂತ್ರವೆಂದು ಬಾಯಿಪಾಠ ಮಾಡುವುದು ಇಷ್ಟನ್ನೇ.

ಕೋವಿಡ್ ಕಾಲದಲ್ಲಿ ತರಗತಿಯ ನೆಲ ಒರೆಸಲು ಶೇ. 5ರ ಹೈಪೋಕ್ಲೋರೈಟ್ ದ್ರಾವಣದಿಂದ ಶೇ. 1ರದನ್ನು ಸಿದ್ಧಪಡಿಸಬೇಕಾಯಿತು. ಒಂದು ಲೀಟರಿಗೆ ಎಷ್ಟು ಬೇಕು? 5ನ್ನು ಬೇಕಾದ ಗಾತ್ರದಿಂದ ಗುಣಿಸಿದರೆ 1 × 1000 ಆಗಬೇಕು. ಅಂದರೆ 200 ಮಿಲಿಲೀಟರ್. ಉಳಿದ 800 ನೀರು. ಒಂದು ಪಾಲಿಗೆ ನಾಲ್ಕು ಪಾಲು ನೀರು ಸಾಕು. ಆದರೆ "ಐದನೇ ಒಂದು" ಎಂದೊಡನೆ ಬಹಳ ಮಂದಿ ಐದು ಪಾಲು ನೀರು ಸುರಿಯುತ್ತಾರೆ. ಆಗ ಒಟ್ಟು ಆರು ಪಾಲಾಗಿ ಸಾರತೆ ಶೇ. 0.83ಕ್ಕೆ ಇಳಿಯುತ್ತದೆ. ಬೇಕಾದುದು ಒಟ್ಟು ಗಾತ್ರದ ಲೆಕ್ಕ, ಬೆರೆಸಿದ ನೀರಿನದಲ್ಲ. ನಾನೂ ಮೊದಲ ದಿನ ಐದು ಪಾಲನ್ನೇ ಹೇಳಿದ್ದೆ. ತಿದ್ದಿದವಳು ಒಂಬತ್ತನೆಯ ತರಗತಿಯ ಹುಡುಗಿ.

ಇನ್ನು ನಮ್ಮ ತೋಟಗಳಿಗೆ ಬರೋಣ. ಚಹಾದ ಎಳೆ ಎಲೆಗಳ ಮೇಲೆ ಬೊಬ್ಬೆ ಏಳಿಸುವ ಶಿಲೀಂಧ್ರ ರೋಗ ದಕ್ಷಿಣ ಭಾರತದಲ್ಲಿ ಕಾಣಿಸಿಕೊಂಡದ್ದು 1946ರಲ್ಲಿ. ಮಳೆಗಾಲದಲ್ಲಿ ಅದಕ್ಕೆ ತಾಮ್ರದ ಔಷಧಿ ಸಿಂಪಡಿಸುವುದು ನಿಮಗೆಲ್ಲ ತಿಳಿದದ್ದೇ. ತಾಮ್ರದ ಔಷಧಿಗಳ ಮೂಲಪುರುಷನೆನ್ನಬಹುದಾದ ಬೋರ್ಡೋ ದ್ರಾವಣ 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿತು; ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹತ್ತು ಲೀಟರಿಗಾದರೆ ನೂರು ನೂರು ಗ್ರಾಂ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಡೆದುದನ್ನು ಹೇಳಬೇಕು. ತೊರೆಯಿಂದ ನೀರು ಹೊರುವುದು ಕಷ್ಟವೆಂದು ಒಂದು ದಿನ ಅಪ್ಪ ಅರ್ಧ ಡ್ರಮ್ಮು ನೀರಿಗೇ ಇಡೀ ಡ್ರಮ್ಮಿನ ಪುಡಿ ಹಾಕಿದರು. ಕಲಕಿದವಳು ನಾನು. ಗಾತ್ರ ಅರ್ಧವಾದರೆ ಸಾರತೆ ಇಮ್ಮಡಿಯಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಪೂರ್ಣಾಂಕ ಪಡೆದಿದ್ದೆ. ಡ್ರಮ್ಮಿನ ಮುಂದೆ ಅದು ನೆನಪಿಗೇ ಬರಲಿಲ್ಲ. ವಾರದೊಳಗೆ ಚಿಗುರೆಲ್ಲ ಅಂಚಿನಿಂದ ಕರಕಾಯಿತು. ಆ ಸುತ್ತಿನ ಎಲೆ ಕೀಳಲಾಗಲಿಲ್ಲ. ಅಂಗಡಿಯ ಸಾಲ ಮುಂದಕ್ಕೆ ಹೋಯಿತು. ಅಪ್ಪ ನನ್ನನ್ನು ಏನೂ ಅನ್ನಲಿಲ್ಲ. ಅವರಿಗೆ ಆ ಲೆಕ್ಕ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಇಂದೂ ಅನೇಕರ ಅಳತೆ ಬಾಟಲಿಯ ಮುಚ್ಚಳವೇ. ಒಂದು ಕಂಪನಿಯ ಮುಚ್ಚಳ ಇನ್ನೊಂದರಂತಿಲ್ಲ. ಚೀಟಿಯಲ್ಲಿ ಲೀಟರಿಗೆ 2 ಮಿಲಿಲೀಟರ್ ಎಂದಿದ್ದರೆ 16 ಲೀಟರಿನ ಟ್ಯಾಂಕಿಗೆ 32 ಸಾಕು. "ಇರಲಿ" ಎಂದು ಹತ್ತು ಮಿಲಿಲೀಟರಿನ ಇನ್ನೊಂದು ಮುಚ್ಚಳ ಸುರಿದರೆ ಅದು ಲೀಟರಿಗೆ 2.6 ಮೀರುತ್ತದೆ. ಹೆಚ್ಚಾದದ್ದು ಎಲೆಯ ಮೇಲೆ ಉಳಿಯುತ್ತದೆ, ಇಲ್ಲವೇ ಮಳೆಗೆ ತೊಳೆದು ತೊರೆ ಸೇರಿ ಭವಾನಿಗೆ ಇಳಿಯುತ್ತದೆ. ಹೊಳೆಯಲ್ಲಿ ಅದರ ಸಾರತೆ ಇಳಿಯಬಹುದು. ಪ್ರಮಾಣ, ಆ ಗುಂಡಿಯ ಉಪ್ಪಿನಂತೆ, ಅಷ್ಟೇ ಇರುತ್ತದೆ.

ಪೋಷಕರಲ್ಲಿ ನನ್ನ ಕೋರಿಕೆ: ಗೆರೆಯಿರುವ ಅಳತೆಯ ಲೋಟವೊಂದನ್ನು ಔಷಧಿಗೆಂದೇ ಕೊಂಡು, ಅಡುಗೆಮನೆಯಿಂದ ದೂರವಿಡಿ. ಬೆರೆಸುವ ಕೆಲಸಕ್ಕೆ ಮಕ್ಕಳನ್ನು ಕರೆಯಬೇಡಿ. ಆದರೆ ಹಿಂದಿನ ಸಂಜೆ ಚೀಟಿಯನ್ನೂ ಟ್ಯಾಂಕಿನ ಗಾತ್ರವನ್ನೂ ಹೇಳಿ, ಲೆಕ್ಕವನ್ನು ಅವರಿಂದಲೇ ಕಾಗದದ ಮೇಲೆ ಮಾಡಿಸಿ. ಸಂದೇಹವಿದ್ದರೆ ಕಾಗದವನ್ನು ಶಾಲೆಗೆ ಕಳುಹಿಸಿ. ನಾವು ನೋಡಿ ಕೊಡುತ್ತೇವೆ.